ಕಂಠದಾನ ಮತ್ತು ದಾನಿಯ ಹೆಸರು

ನಮ್ಮ ಚಲಚ್ಚಿತ್ರಗಳಲ್ಲಿ ತೆರೆಯ ಮೇಲೆ ಹರಿದುಹೋಗುವ ಹೆಸರುಗಳ ಸಾಲಿನೊಳಗೆ ‘ಕಂಠದಾನ’ ಎಂಬುದೊಂದು ಮಾತು ಕಾಣಿಸಿಕೊಳ್ಳುವುದುಂಟು. ಮಾತು ಬಹು ಚೆಲುವಾದುದು. ಚಿತ್ರದಲ್ಲಿ ಒಬ್ಬ ನಟಿ ತುಟಿಯಾಡಿಸುತ್ತಾಳೆ. ಆ ತುಟಿಗೆ ಹೊಂದುವ ನುಡಿಯನ್ನು ಇನ್ನೊಬ್ಬಳು, ಬೆಳಕಿಲ್ಲದ ಕೋಣೆಯೊಂದರಲ್ಲಿ ಮೈಕಿನ ಮುಂದೆ ನಿಂತು, ಆಡುತ್ತಾಳೆ. ಈ ಎರಡನೆಯವಳ ಕೆಲಸಕ್ಕೆ ಕನ್ನಡವು ಇಟ್ಟ ಹೆಸರು ಅದು. ಕನ್ನಡ ಶಾಸನಗಳನ್ನು ಅಷ್ಟಿಷ್ಟು ಓದಿದವರಿಗೆ ಇಲ್ಲಿ ಒಂದು ಸಂಶಯ ಹುಟ್ಟದೆ ಇರದು. ನಮ್ಮ ಪೂರ್ವಿಕರು ದಾನ ಮಾಡಿದಾಗ ದಾನಿಯ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ದೇವರ ನಂದಾದೀವಿಗೆಗೆ ಎಣ್ಣೆ ಬಿಟ್ಟವನಾಗಲಿ, ಕೆರೆಯ ದುರಸ್ತಿಗೆ ಕೆಲವು ಮತ್ತರು ಭೂಮಿ ಬಿಟ್ಟವಳಾಗಲಿ ಹೆಸರಿಲ್ಲದೆ ಹೋಗುತ್ತಿರಲಿಲ್ಲ. ದಾನಿ ಯಾರು, ಕೊಟ್ಟುದೆಷ್ಟು, ಕೊಟ್ಟ ದಿನ ಯಾವುದು, ಸಾಕ್ಷಿಗಳಾರು, ಕೊನೆಗೆ ಆ ದಾನವನ್ನು ಅಳಿದವರಿಗೆ ತಟ್ಟುವ ಶಾಪವೇನು ಎಂಬುದೆಲ್ಲ ಕಲ್ಲಿನಲ್ಲಿ ನಿಲ್ಲುತ್ತಿತ್ತು. ಕಂಠದಾನವಾದರೋ ದಾನಿಯನ್ನು ಮರೆತ ದಾನ. ಕೂಲಿ ಗೊತ್ತುಮಾಡಿ ಮಾಡಿಸಿಕೊಳ್ಳುವ ಕೆಲಸಕ್ಕೆ ದಾನವೆಂಬ ಹೆಸರು ಹೇಗೆ ಬಂದಿತೆಂಬುದು ಬೇರೆಯೇ ಒಂದು ವಿನೋದ, ಅದಂತಿರಲಿ.

ಈ ಯೋಚನೆ ನನಗೆ ಹುಟ್ಟಿದುದು ಇಟಲಿ ದೇಶದ ನಟಿಯರ ಜೀವನ ವೃತ್ತಾಂತಗಳನ್ನು ಓದುತ್ತಿದ್ದಾಗ. ಅಲ್ಲಿ ಒಬ್ಬಾಕೆಯ ಪರಿಚಯ ಹೇಳುವಾಗ ‘ನಟಿ, ಕಂಠದಾನ ಕಲಾವಿದೆ, ನಿರ್ದೇಶಕಿ’ ಎಂದು ಮೂರು ವೃತ್ತಿಗಳನ್ನು ಒಂದೇ ಉಸಿರಿನಲ್ಲಿ ಹೇಳುವುದನ್ನು ಕಂಡು ನನಗೆ ಬೆರಗಾಯಿತು. ನಮ್ಮಲ್ಲಿ ಮೊದಲನೆಯ ಮತ್ತು ಮೂರನೆಯ ಮಾತುಗಳನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಡುವಣ ಮಾತು ಬಂದರೆ ಅದು ಕಷ್ಟಕಾಲದಲ್ಲಿ ಹೊಟ್ಟೆಪಾಡಿಗಾಗಿ ಮಾಡಿದ ಕೆಲಸವೆಂಬಂತೆ ಧ್ವನಿ ತಗ್ಗುತ್ತದೆ. ಇಟಲಿಯಲ್ಲಿ ಹಾಗಲ್ಲದಿರುವುದಕ್ಕೆ ಚಾರಿತ್ರಿಕ ಕಾರಣವುಂಟು, ಅದು ಅಷ್ಟೇನೂ ಹೆಮ್ಮೆಯ ಕಾರಣವಲ್ಲ. 1930ರಲ್ಲಿ ಮುಸೊಲಿನಿಯ ಸರಕಾರವು ಅನ್ಯಭಾಷೆಯ ಮಾತು ತೆರೆಯ ಮೇಲೆ ಕೇಳಿಬರಕೂಡದೆಂದು ಕಟ್ಟಪ್ಪಣೆ ಮಾಡಿತು. ಹಾಲಿವುಡ್ಡಿನ ಚಿತ್ರಗಳೆಲ್ಲ ಇಟಲಿಯ ನುಡಿಯಲ್ಲಿಯೇ ಮಾತಾಡಬೇಕಾಯಿತು. ಅಪ್ಪಣೆ ಹೊರಡಿಸಿದವರು ಮಣ್ಣಾದರು. ಅದರಿಂದ ಬೆಳೆದ ಕಲೆ ಉಳಿಯಿತು. ಗ್ರೇಟಾ ಗಾರ್ಬೊಳ ಮುಖಕ್ಕೆ ಟೀನಾ ಲತ್ತಾಂಜಿ ಎಂಬ ನಟಿಯ ಕಂಠ ಅಂಟಿಕೊಂಡಿತು. ಮುಂದೆ ಇಟಲಿಯ ಮಹಾನಟನೆನ್ನಿಸಿದ ಅಲ್ಬೆರ್ತೊ ಸೋರ್ದಿ ತನ್ನ ವೃತ್ತಿಯನ್ನು ಆರಂಭಿಸಿದುದೇ ಲಾರೆಲ್–ಹಾರ್ಡಿ ಜೋಡಿಯ ಸ್ಥೂಲಕಾಯನಿಗೆ ಧ್ವನಿ ಕೊಡುವುದರಿಂದ. ಮೆರಿಲ್ ಸ್ಟ್ರೀಪಳನ್ನು ಅಲ್ಲಿಯ ಜನ ಕೇಳಿದುದು ಮರಿಯಾ ಪಿಯಾ ದಿ ಮೇಯೊ ಎಂಬಾಕೆಯ ಕಂಠದಲ್ಲಿ. ಆಕೆಯೋ ಕಂಠದಾನದ ನಿರ್ದೇಶಕಿಯೂ ಹೌದು. ಕಂಠದಾನಕ್ಕೇ ಪ್ರತ್ಯೇಕವಾಗಿ ಒಬ್ಬ ನಿರ್ದೇಶಕನಿರುವುದು, ಅವನ ಹೆಸರನ್ನು ಬರೆಯುವುದು ಅಲ್ಲಿ ರೂಢಿಯಾಗಿದೆ.

ಇಟಲಿಯವರು ಅನ್ಯರ ಚಿತ್ರಗಳಿಗೆ ಮಾತ್ರ ಇದನ್ನು ಮಾಡಿದರೆಂದಲ್ಲ. ತಮ್ಮ ತಾರೆಯರಿಗೂ ಮಾಡಿದರು. ಟ್ಯೂನಿಸ್ ನಗರದಲ್ಲಿ ಫ್ರೆಂಚ್ ಮಾತಾಡಿ ಬೆಳೆದ ಕ್ಲಾಡಿಯಾ ಕಾರ್ಡಿನಾಲೆ ರೋಮಿಗೆ ಬಂದಾಗ ಆಕೆಯ ಇಟಾಲಿಯನ್ ತೊಡಕಿನದು, ಧ್ವನಿ ಒಡಕಿನದು. ಆರಂಭದ ಚಿತ್ರಗಳಲ್ಲಿ ಆಕೆಯ ಚೆಲುವನ್ನು ಉಳಿಸಿಕೊಂಡು ಮಾತನ್ನು ಬೇರೆಯವರಿಂದ ಆಡಿಸಿದರು. 1963ರಲ್ಲಿ ಫೆಲಿನಿ ಎಂಬ ನಿರ್ದೇಶಕ ತನ್ನ ‘ಎಂಟೂವರೆ’ ಚಿತ್ರದಲ್ಲಿ ಆ ಒಡಕು ಧ್ವನಿಯೇ ಬೇಕೆಂದು ಹಟಹಿಡಿದ. ತಾರೆಯಾಗಿ ಹೆಸರು ಮಾಡಿದ ಮೇಲೆಯೇ ಆಕೆ ಇಟಲಿಯ ತೆರೆಯ ಮೇಲೆ ಸ್ವಂತ ಧ್ವನಿಯಲ್ಲಿ ಮಾತಾಡಿದಳು. ಈ ಕಥೆಯನ್ನು ಹೇಳುವವರು ಫೆಲಿನಿಯ ರಸಿಕತೆಯನ್ನು ಹೊಗಳುತ್ತಾರೆ. ಅದಕ್ಕೆ ಮೊದಲಿನ ಚಿತ್ರಗಳಲ್ಲಿ ಆಕೆಗಾಗಿ ಮಾತಾಡಿದವರನ್ನು ನೆನೆಯುವವರು ಇಟಲಿಯಲ್ಲಿಯೂ ಕಡಿಮೆಯೇ.

ಇದನ್ನು ಓದಿ ಮುಗಿಸಿದಾಗ, ಇಂಥ ತ್ರಿವಿಧ ಸಾಧನೆಯ ಹೆಣ್ಣು ನಮ್ಮ ಕನ್ನಡದಲ್ಲಿ ಯಾರು ಎಂದು ನನ್ನನ್ನು ನಾನೇ ಕೇಳಿಕೊಂಡೆ. ಉತ್ತರವನ್ನು ಬಹುದೂರ ಹುಡುಕಬೇಕಾಗಲಿಲ್ಲ: ಶ್ರೀಮತಿ ಬಿ. ಜಯಶ್ರೀ. ನಟಿ, ಕಂಠದಾನ ಕಲಾವಿದೆ, ಚಿತ್ರದಲ್ಲಲ್ಲದಿದ್ದರೂ ರಂಗಭೂಮಿಯಲ್ಲಿ ನಿರ್ದೇಶಕಿ, ಮೇಲಾಗಿ ಗಾಯಕಿ. ಅವರ ವಿಷಯಕ್ಕೆ ಬರುವ ಮುನ್ನ ನಾನಿರುವ ಮಣ್ಣಿನ ಋಣವೊಂದನ್ನು ತೀರಿಸಬೇಕಾಗಿದೆ.

ನಾನು ವಾಸವಾಗಿರುವುದು ವಿಜಯಪುರದ ಇಬ್ರಾಹಿಂಪುರದಲ್ಲಿ. ಕಂಠ ಒಂದು ಕಡೆ, ಕಾಯ ಒಂದು ಕಡೆ ಎಂಬ ಸೋಜಿಗವನ್ನು ಈ ಊರಿನವರಿಗೆ ಯಾರೂ ಕಲಿಸಬೇಕಾಗಿಲ್ಲ; ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಒಮ್ಮೆಯಾದರೂ ಕೂಗದ ಮಗು ಇಲ್ಲಿಲ್ಲ. ಆದರೆ ನಾನು ಹೇಳಹೊರಟುದು ಗುಮ್ಮಟದ ಮಾತಲ್ಲ, ಅಮೀರಬಾಯಿ ಕರ್ನಾಟಕಿಯವರ ಮಾತು. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ, ಅಂದು ನಮ್ಮ ವಿಜಾಪುರ ಜಿಲ್ಲೆಯಲ್ಲಿದ್ದ ಬೀಳಗಿ ಅವರ ಊರು. ನಾಟಕ ಕಂಪನಿಗಳ ನಂಟಿದ್ದ ಮನೆ. ಅಕ್ಕ ಗೋಹರಬಾಯಿಯವರು ಬಾಲಗಂಧರ್ವರ ರಂಗಭೂಮಿಯನ್ನು ಸೇರಿದರು. ತಂಗಿ ಮುಂಬಯಿಯ ಬೋಲಪಟಗಳನ್ನು ಸೇರಿದರು. ಆ ಕಾಲದಲ್ಲಿ ಹಾಡಬಲ್ಲವಳೇ ನಟಿ. ಮುಖವೂ ಅವಳದೇ, ದನಿಯೂ ಅವಳದೇ. ಅಮೀರಬಾಯಿ ಹಾಗೆಯೇ ನಟಿಸಿ ಹಾಡಿದರು. ಅಷ್ಟರಲ್ಲಿ ಹಿನ್ನೆಲೆ ಗಾಯನವೆಂಬ ಹೊಸ ವಿಧಾನ ಬೇರೂರಿತು. 1943ರ ‘ಕಿಸ್ಮತ್’ ಚಿತ್ರ ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಗಳಿಗೂ ಮೀರಿ ಓಡಿತು. ಅನಿಲ್ ಬಿಸ್ವಾಸರ ಸಂಗೀತದ ಆ ಚಿತ್ರದಲ್ಲಿ ನಾಯಕಿಯಾಗಿ ಕಾಣಿಸಿಕೊಂಡಾಕೆ ಮುಮ್ತಾಜ್ ಶಾಂತಿ. ಆಕೆಯ ಹಾಡುಗಳಾಗಿ ದೇಶವೆಲ್ಲ ಕೇಳಿದುದು ಬೀಳಗಿಯ ಹೆಣ್ಣುಮಗಳ ಕಂಠ. ನಟಿಯೊಬ್ಬಳು ತನ್ನ ಮುಖವನ್ನು ಮರೆಗಿಟ್ಟು ಇನ್ನೊಬ್ಬಳಿಗೆ ಕಂಠವನ್ನು ಕೊಟ್ಟ ಪ್ರಸಂಗ ಅದು. ಮುಂದೆ 1948ರಲ್ಲಿ ‘ಶಹನಾಜ್’ ಎಂಬ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶನವನ್ನೂ ಮಾಡಿದರು. 1965ರಲ್ಲಿ ಅವರು ತೀರಿಕೊಂಡರು. ಅವರ ಹೆಸರು ಹೊತ್ತ ಚಿತ್ರಮಂದಿರದಲ್ಲಿ ಸಿನೆಮಾ ನೋಡಿ ಬೆಳೆದವರು ನಮ್ಮ ಊರಿನಲ್ಲಿ ಬಹಳ ಮಂದಿಯಿದ್ದಾರೆ. ಆ ಹೆಸರಿನ ಹಿಂದಿದ್ದ ಕಂಠವನ್ನು ಕೇಳಿದವರು ಎಷ್ಟು ಮಂದಿಯೋ ಕಾಣೆ.

ಹಾಡುವ ಕಂಠ ತನ್ನ ಹೆಸರನ್ನು ಹೋರಾಡಿ ಪಡೆದುಕೊಂಡಿತೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಹಾಡಿನ ಮೊದಲ ಧ್ವನಿಮುದ್ರಿಕೆಗಳ ಮೇಲೆ ಲತಾ ಮಂಗೇಶ್ಕರರ ಹೆಸರಿರಲಿಲ್ಲ. ಚಿತ್ರದ ಪಾತ್ರವಾದ ‘ಕಾಮಿನಿ’ಯ ಹೆಸರಿತ್ತು. ಅಂದರೆ ಹಾಡಿದವಳು ಇದ್ದಾಳೆ, ಇಲ್ಲದ ಹೆಣ್ಣಿನ ಹೆಸರು ಮುದ್ರಿಕೆಯ ಮೇಲಿದೆ! ಕೇಳುಗರು ಆಕಾಶವಾಣಿಗೆ ಪತ್ರ ಬರೆದು ಈ ಕಾಮಿನಿ ಯಾರೆಂದು ವಿಚಾರಿಸಿದರು. ಆ ಬಳಿಕ ಗಾಯಕರ ಹೆಸರು ಮುದ್ರಿಕೆಯ ಮೇಲೆ ಬಂದಿತು; 1959ರಲ್ಲಿ ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಹಿನ್ನೆಲೆ ಗಾಯನಕ್ಕೆ ಬೇರೆಯೇ ಸ್ಥಾನ ದೊರೆಯಿತು. ಇಂದು ಹಾಡು ಯಾರದೆಂದು ಕೇಳಿದರೆ ಹಳ್ಳಿಯ ಹುಡುಗನೂ ಪಟಕ್ಕನೆ ಹೇಳುತ್ತಾನೆ. ಅದೇ ಚಿತ್ರದಲ್ಲಿ ಎರಡು ಗಂಟೆಯ ಕಾಲ ಮಾತಾಡಿದ ಕಂಠ ಯಾರದೆಂದು ಕೇಳಿದರೆ, ಕಾಲೇಜಿನ ಅಧ್ಯಾಪಕರೂ ತಲೆ ಕೆರೆದುಕೊಳ್ಳುತ್ತಾರೆ.

ಈಗ ಜಯಶ್ರೀಯವರು. 1950ರಲ್ಲಿ ಜನಿಸಿದ ಇವರು ಗುಬ್ಬಿ ವೀರಣ್ಣನವರ ಮೊಮ್ಮಗಳು, ಮಾಲತಮ್ಮನವರ ಮಗಳು. ಗುಬ್ಬಿ ಕಂಪನಿಯ ಡೇರೆಯಲ್ಲಿ ಕೂಸಾಗಿದ್ದಾಗಲೇ ಬಣ್ಣ ಹಚ್ಚಿದವರು. ಆ ಕಂಪನಿಯ ವೈಭವವನ್ನು, ಆನೆ ಕುದುರೆಗಳನ್ನು ರಂಗದ ಮೇಲೆ ತಂದ ‘ಕುರುಕ್ಷೇತ್ರ’ದ ಸಾಹಸವನ್ನು ಎಲ್ಲರೂ ಕೊಂಡಾಡುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ ಅದಕ್ಕಿಂತ ದೊಡ್ಡ ಸಂಪತ್ತು ಅಲ್ಲಿಯ ವಾಚಿಕ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಡೇರೆಯ ಕೊನೆಯ ಸಾಲಿನಲ್ಲಿ, ನಾಲ್ಕಾಣೆಯ ಚಾಪೆಯ ಮೇಲೆ ಕುಳಿತವನಿಗೂ ಪ್ರತಿಯೊಂದು ಒತ್ತಕ್ಷರವೂ ಕೇಳಬೇಕು. ಕೇಳದಿದ್ದರೆ ಅವನು ಶಿಳ್ಳೆ ಹಾಕಿ ತಿಳಿಸುತ್ತಿದ್ದ. ಅದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷಾಮಂಡಳಿಯನ್ನು ಯಾವ ವಿಶ್ವವಿದ್ಯಾಲಯವೂ ನೇಮಿಸಿಲ್ಲ. ಆ ಮನೆಯಲ್ಲಿ ಬೆಳೆದ ಹುಡುಗಿ ಮುಂದೆ ದಿಲ್ಲಿಗೆ ಹೋಗಿ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಇಬ್ರಾಹಿಂ ಅಲ್ಕಾಜಿಯವರ ಕೈಕೆಳಗೆ ಕಲಿತರು. ಒಂದು ಕಡೆ ಕಂಪನಿ ನಾಟಕದ ಏರುದನಿ, ಇನ್ನೊಂದು ಕಡೆ ಆಧುನಿಕ ರಂಗಶಿಸ್ತು. ಇವೆರಡೂ ಒಬ್ಬರಲ್ಲಿಯೇ ಸಂಧಿಸಿದ ಉದಾಹರಣೆಗಳು ನಮ್ಮಲ್ಲಿ ವಿರಳ. ನಮ್ಮ ಹವ್ಯಾಸಿ ರಂಗಭೂಮಿಯವರು ಬಹುಕಾಲ ಕಂಪನಿ ನಾಟಕವನ್ನು ಕಂಡು ಮೂಗು ಮುರಿದರು. ಜಯಶ್ರೀಯವರಿಗೆ ಹಾಗೆ ಮುರಿಯಬೇಕಾದ ಅಗತ್ಯವೇ ಬೀಳಲಿಲ್ಲ.

1976ರಲ್ಲಿ ಅವರು ‘ಸ್ಪಂದನ’ ತಂಡವನ್ನು ಕಟ್ಟಿದರು. ‘ಲಕ್ಷಾಪತಿ ರಾಜನ ಕಥೆ’, ಕಂಬಾರರ ಕಾದಂಬರಿಯನ್ನು ಆಧರಿಸಿದ ‘ಕರಿಮಾಯಿ’ ಮೊದಲಾದ ನಾಟಕಗಳು ಅವರ ನಿರ್ದೇಶನದಲ್ಲಿ ರಂಗವೇರಿದವು. ಬೆಳಗಾವಿ ಸೀಮೆಯ ಕಂಬಾರರ ಮಾತು ಹಳೆಯ ಮೈಸೂರಿನ ಹೆಣ್ಣುಮಗಳ ನಾಲಗೆಯ ಮೇಲೆ ನಿಲ್ಲುವುದೆ ಎಂದು ಶಂಕಿಸಿದವರಿದ್ದರೆ ಅವರ ಶಂಕೆ ಅಲ್ಲಿಯೇ ನಿವಾರಣೆಯಾಗಿರಬೇಕು. 1997ರಲ್ಲಿ ನಾಗಾಭರಣರು ಕಾರ್ನಾಡರ ‘ನಾಗಮಂಡಲ’ವನ್ನು ಚಿತ್ರವಾಗಿಸಿದಾಗ ಕುರುಡವ್ವನ ಪಾತ್ರ ಇವರದಾಯಿತು. ಕಣ್ಣಿಲ್ಲದ ಮುದುಕಿಯ ಪಾತ್ರ. ಆದುದರಿಂದ ನೋಟದಿಂದ ಹೇಳುವುದೆಲ್ಲವನ್ನೂ ದನಿಯಿಂದಲೇ ಹೇಳಬೇಕು. ಚಿತ್ರದ ಮಾತು ನಮ್ಮ ಕಡೆಯದು. ನಮ್ಮ ಕಡೆಯ ಮಾತನ್ನು ಬೇರೆ ಸೀಮೆಯವರು ಆಡಿದಾಗ ಸಾಮಾನ್ಯವಾಗಿ ಏನಾಗುತ್ತದೆಂದು ವಾಚಕರಿಗೆ ಗೊತ್ತು: ವಾಕ್ಯಕ್ಕೊಂದು ‘ರೀ’ ಸಿಕ್ಕಿಸಿ ಕೈತೊಳೆದುಕೊಳ್ಳುತ್ತಾರೆ. ಕುರುಡವ್ವನ ಬಾಯಲ್ಲಿ ನನಗೆ ಅಂಥ ಅಪಶ್ರುತಿ ಕೇಳಿಸಲಿಲ್ಲ.

1996ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, ಮುಂದೆ ಮೈಸೂರಿನ ರಂಗಾಯಣದ ನಿರ್ದೇಶಕ ಪದವಿ, 2010ರಲ್ಲಿ ರಾಜ್ಯಸಭೆಗೆ ನಾಮಕರಣ, 2013ರಲ್ಲಿ ಪದ್ಮಶ್ರೀ — ಸನ್ಮಾನಗಳ ಈ ಪಟ್ಟಿ ಎಲ್ಲ ಕಡೆಯೂ ಸಿಕ್ಕುತ್ತದೆ. ಅದೇ ಬರಹಗಳ ಅಡಿಯಲ್ಲಿ, ಮರೆತು ಸೇರಿಸಿದಂತೆ, ಒಂದು ಸಾಲು: ಇವರು ಹಲವು ನಟಿಯರಿಗೆ ಕಂಠದಾನವನ್ನೂ ಮಾಡಿದ್ದಾರೆ. ಮಾಧವಿ, ಜಯಪ್ರದಾ, ಅಂಬಿಕಾ, ಸುಮಲತಾ ಮೊದಲಾದವರ ಹೆಸರುಗಳು ಅಲ್ಲಿ ಬರುತ್ತವೆ. ಒಂದು ಸಾಲು ಅಷ್ಟೆ. ಕನ್ನಡ ಚಿತ್ರಗಳ ಸುವರ್ಣಕಾಲವೆಂದು ನಾವು ಕರೆಯುವ ವರ್ಷಗಳಲ್ಲಿ, ನಾಡಿನ ಹೆಂಗಳೆಯರು ಯಾರ ಸೀರೆಯ ಅಂಚನ್ನೂ ಹೆರಳಿನ ಬಗೆಯನ್ನೂ ಅನುಕರಿಸಿದರೋ ಆ ನಾಯಕಿಯರಲ್ಲಿ ಹಲವರು ಕನ್ನಡವಾಡಿದುದು ಗುಬ್ಬಿ ವೀರಣ್ಣನವರ ಮೊಮ್ಮಗಳ ಕಂಠದಲ್ಲಿ! ಇದು ಒಂದು ಸಾಲಿನಲ್ಲಿ ಮುಗಿಸಬಹುದಾದ ಸಂಗತಿಯೆಂದು ನನಗೆ ತೋರುವುದಿಲ್ಲ.

ಆ ಕೆಲಸದ ಸ್ವರೂಪವನ್ನು ತುಸು ವಿವರಿಸಿದರೆ ಅನುಚಿತವಾಗದು. ಹಿಂದೆ ಚಿತ್ರದ ಒಂದು ತುಣುಕನ್ನು ಕೊನೆಗೆ ಕೊನೆ ಸೇರಿಸಿ ಸುತ್ತುಬಳ್ಳಿಯಂತೆ ಮಾಡಿ, ಅದನ್ನೇ ಮತ್ತೆ ಮತ್ತೆ ತೆರೆಯ ಮೇಲೆ ಓಡಿಸುತ್ತಿದ್ದರು. ತುಟಿಗೆ ಮಾತು ಕೂಡುವ ತನಕ ಓಡುತ್ತಿತ್ತು. ಈಗ ಆ ಸುತ್ತಿನ ಬದಲು ಗಣಕಯಂತ್ರ ಬಂದಿದೆ, ಉಳಿದುದು ಹೆಚ್ಚು ಬದಲಾಗಿಲ್ಲ. ವ್ಯಾಕರಣದ ತರಗತಿಯಲ್ಲಿ ನಾವು ಓಷ್ಠ್ಯವೆಂದು ಬಾಯಿಪಾಠ ಮಾಡಿಸುವ ಪವರ್ಗವಿದೆಯಲ್ಲ, ಕಂಠದಾನದವರಿಗೆ ಅದೇ ಗಂಡಾಂತರದ ಸ್ಥಳ. ಪ, ಬ, ಮಗಳನ್ನು ಉಚ್ಚರಿಸುವಾಗ ತುಟಿ ಮುಚ್ಚಲೇಬೇಕು. ತೆರೆಯ ಮೇಲಿನವಳು ಬಾಯಿ ತೆರೆದಿರುವಾಗ ಈಕೆ ‘ಮಗನೆ’ ಎಂದರೆ ನೋಡುವವನಿಗೆ ಕಾರಣ ತಿಳಿಯದಿದ್ದರೂ ಎಲ್ಲಿಯೋ ಎಡವಿದಂತಾಗುತ್ತದೆ. ಆಂಧ್ರದಿಂದಲೋ ಕೇರಳದಿಂದಲೋ ಬಂದ ನಟಿ ಕನ್ನಡದ ಮಾತನ್ನು ತನ್ನ ಲಿಪಿಯಲ್ಲಿ ಬರೆದುಕೊಂಡು ಉರುಹೊಡೆದು ಆಡಿರುತ್ತಾಳೆ. ಎಲ್ಲಿ ನಿಲ್ಲಿಸಬಾರದೋ ಅಲ್ಲಿ ನಿಲ್ಲಿಸಿರುತ್ತಾಳೆ, ಒತ್ತಬೇಕಾದ ಪದವನ್ನು ನುಂಗಿರುತ್ತಾಳೆ. ಆ ತಪ್ಪು ನಿಲುಗಡೆಯೊಳಗೇ ಸರಿಯಾದ ಕನ್ನಡವನ್ನು, ಸರಿಯಾದ ಭಾವವನ್ನು ಹೊಂದಿಸುವುದೆಂದರೆ ಇನ್ನೊಬ್ಬರು ಹಾಕಿದ ಪ್ರಾಸಕ್ಕೆ ಪದ್ಯವನ್ನು ಕಟ್ಟಿದಂತೆ. ಡೇರೆಯ ಕೊನೆಯ ಸಾಲಿಗೆ ಮುಟ್ಟುವಂತೆ ಪಳಗಿದ ಕಂಠ ಇಲ್ಲಿ ಮೈಕಿನಿಂದ ಗೇಣು ದೂರದಲ್ಲಿ ಉಸಿರಿನಷ್ಟು ಮೆಲ್ಲಗೆ ಮಾತಾಡಬೇಕು. ಅಳುವಾಗ ಅಳಬೇಕು, ಕೈಯಲ್ಲಿ ಮಾತಿನ ಹಾಳೆ ಸಪ್ಪಳ ಮಾಡಕೂಡದು. ಇದು ಅಭಿನಯವಲ್ಲದಿದ್ದರೆ ಅಭಿನಯ ಮತ್ತಾವುದು? ಭರತಮುನಿ ಅಭಿನಯವನ್ನು ನಾಲ್ಕಾಗಿ ವಿಂಗಡಿಸಿ ವಾಚಿಕಕ್ಕೆ ಒಂದು ಪೂರ್ಣ ಸ್ಥಾನವನ್ನು ಕೊಟ್ಟಿದ್ದಾನೆ. ನಮ್ಮ ಜಾಹೀರಾತು ಫಲಕಗಳಲ್ಲಿ ಮಾತ್ರ ಅದಕ್ಕೆ ಸ್ಥಳ ಸಿಕ್ಕಿಲ್ಲ.

ಇಲ್ಲಿ ಒಂದು ವೈಪರೀತ್ಯವನ್ನು ಎತ್ತಿ ತೋರಿಸದೆ ಮುಂದೆ ಹೋಗಲಾರೆ. ಕನ್ನಡಿಗರು ‘ಡಬ್ಬಿಂಗ್’ ಎಂಬ ಶಬ್ದವನ್ನು ಕೇಳಿದೊಡನೆ ನೆನೆಯುವುದು ಒಂದು ಹೋರಾಟವನ್ನು. 1960ರ ದಶಕದಲ್ಲಿ ಅ.ನ.ಕೃಷ್ಣರಾಯರಂಥವರು ಮುಂದೆ ನಿಂತು, ಅನ್ಯಭಾಷೆಯ ಚಿತ್ರಗಳಿಗೆ ಕನ್ನಡದ ಮಾತನ್ನು ಹೊದಿಸಿ ತರುವುದನ್ನು ವಿರೋಧಿಸಿದರು. ಆಗ ಅದಕ್ಕೆ ಕಾರಣವಿತ್ತು. ನಮ್ಮ ಚಿತ್ರೋದ್ಯಮ ಎಳೆಯದು, ಮದರಾಸಿನ ಸ್ಟುಡಿಯೋಗಳ ಹಂಗಿನಲ್ಲಿದ್ದುದು. ಅಗ್ಗದ ಡಬ್ಬಿಂಗ್ ಚಿತ್ರಗಳ ಎದುರು ಅದು ನಿಲ್ಲುತ್ತಿರಲಿಲ್ಲ. ಆ ಅಘೋಷಿತ ನಿಷೇಧ ಅರ್ಧಶತಮಾನ ನಡೆಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಅದು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಎರಡು ಪಕ್ಷದವರೂ ಪತ್ರಿಕೆಗಳಲ್ಲಿ ಬರೆದುದು ಒಂದು ಗಾಡಿಯಷ್ಟಾದೀತು. ಅದೇ ಅರ್ಧಶತಮಾನದಲ್ಲಿ, ಅಪ್ಪಟ ಕನ್ನಡ ಚಿತ್ರಗಳೆಂದು ನಾವು ಎದೆತಟ್ಟಿ ಹೇಳಿಕೊಂಡವುಗಳಲ್ಲಿ, ಎಷ್ಟೋ ನಾಯಕಿಯರು ಎರವಲು ಕಂಠದಲ್ಲಿ ಮಾತಾಡುತ್ತಿದ್ದರು! ಡಬ್ಬಿಂಗನ್ನು ಊರ ಹೊರಗಿಟ್ಟೆವೆಂದು ನಾವು ತಿಳಿದಿದ್ದಾಗ ಅದು ನಡುಮನೆಯಲ್ಲಿ ಕುಳಿತಿತ್ತು. ನಾಯಕಿಯನ್ನು ಹೊರಗಿನಿಂದ ತರುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕಲೆಗೆ ಗಡಿಯ ಕಂಬ ನೆಡಲಾಗದು. ಕನ್ನಡತನದ ಹೆಸರಿನಲ್ಲಿ ಅಷ್ಟು ವಾದ ಹೂಡಿದ ನಾವು, ಆ ಹೊರಗಿನ ಮುಖಗಳಿಗೆ ಕನ್ನಡವನ್ನು ಒದಗಿಸಿಕೊಟ್ಟ ಹೆಣ್ಣುಮಕ್ಕಳ ಹೆಸರನ್ನು ಕೇಳಲಿಲ್ಲವೆಂಬುದಷ್ಟೆ ನನ್ನ ಮಾತು.

ಕನ್ನಡವನ್ನು ಒದಗಿಸಿಕೊಟ್ಟರು ಎಂದೆ. ಯಾವ ಕನ್ನಡವನ್ನು? ಅಧ್ಯಾಪಕನಾದ ನನಗೆ ಈ ಪ್ರಶ್ನೆ ಬರಿಯ ಸಿನೆಮಾದ್ದಲ್ಲ. ತಿಕೋಟಾ, ಬಬಲೇಶ್ವರಗಳ ಕಡೆಯಿಂದ ಬಸ್ಸು ಹತ್ತಿ ಬರುವ ಹುಡುಗಿಯರು ನನ್ನ ತರಗತಿಯಲ್ಲಿದ್ದಾರೆ. ತಮ್ಮ ತಮ್ಮಲ್ಲಿ ‘ಎಲ್ಲಿ ಹೊಂಟೀಯವ್ವಾ’ ಎಂದು ಕೇಳುವವರೇ ನಾಟಕದ ಭಾಗವೊಂದನ್ನು ಗಟ್ಟಿಯಾಗಿ ಓದೆಂದರೆ ಥಟ್ಟನೆ ದನಿ ಬದಲಿಸುತ್ತಾರೆ. ಬೆಂಗಳೂರಿನ ಕನ್ನಡ ಬರುತ್ತದೆ. ಅಷ್ಟೇ ಅಲ್ಲ, ಕಂಠವೇ ತೆಳ್ಳಗಾಗುತ್ತದೆ. ಅದು ಯಾರ ಕಂಠವೆಂದು ಬಹುದಿನ ಯೋಚಿಸಿದೆ. ಅವರು ನೋಡಿದ ಚಿತ್ರಗಳ ನಾಯಕಿಯರದು. ಅಂದರೆ ನಾಯಕಿಯರದಲ್ಲ, ಅವರಿಗಾಗಿ ಮಾತಾಡಿದ ಹೆಸರಿಲ್ಲದ ಕೆಲವರದು. ಬೆರಳೆಣಿಕೆಯ ಕಂಠಗಳು ಒಂದು ನಾಡಿನ ಹೆಣ್ಣುಮಕ್ಕಳಿಗೆ ‘ಹೀಗೆ ಮಾತಾಡಿದರೆ ಚೆಂದ’ ಎಂದು ಕಲಿಸಿಬಿಟ್ಟವು. ನಮ್ಮ ಸೀಮೆಯ ಮಾತು ತೆರೆಯ ಮೇಲೆ ಬಂದುದು ಬಹುಮಟ್ಟಿಗೆ ಮನೆಗೆಲಸದವಳ ಬಾಯಲ್ಲಿ, ವಿದೂಷಕನ ಬಾಯಲ್ಲಿ. ಕವಿರಾಜಮಾರ್ಗಕಾರನು ಕನ್ನಡದ ತಿರುಳೆಂದು ಹೆಸರಿಸಿದ ಸೀಮೆಯಲ್ಲಿ ಕಿಸುವೊಳಲೂ ಒಂದು, ಅಂದರೆ ನಮ್ಮ ಹಳೆಯ ಜಿಲ್ಲೆಯ ಪಟ್ಟದಕಲ್ಲು! ಸಾವಿರದ ನೂರೈವತ್ತು ವರ್ಷಗಳಲ್ಲಿ ತಿರುಳು ಸಿಪ್ಪೆಯಾಯಿತೆಂದು ಗೋಳಾಡುವುದು ನನ್ನ ಉದ್ದೇಶವಲ್ಲ. ನಾಯಕಿಯ ಬಾಯಿಗೆ ಯಾವ ಕನ್ನಡವನ್ನು ಹಾಕಬೇಕೆಂದು ತೀರ್ಮಾನಿಸಿದವರು ಕಂಠದಾನದ ಕಲಾವಿದೆಯರಲ್ಲ, ಅವರಿಗೆ ಹಾಳೆ ಕೊಟ್ಟು ಹೀಗೆಯೇ ಆಡೆಂದವರು. ಅದಕ್ಕೇ ಕುರುಡವ್ವನ ಮಾತನ್ನು ಮೇಲೆ ಎತ್ತಿದುದು. ಸ್ವಂತ ಮುಖವಿಟ್ಟುಕೊಂಡು ಮಾತಾಡಲು ಅವಕಾಶ ಸಿಕ್ಕಾಗ ಅದೇ ಕಲಾವಿದೆ ನಮ್ಮ ಮಾತನ್ನು ಮರ್ಯಾದೆಯಿಂದ ಆಡಿದರು.

ತೀರ್ಮಾನಿಸುವ ಸ್ಥಾನವೆಂದರೆ ನಿರ್ದೇಶಕನ ಸ್ಥಾನ. ಅಲ್ಲಿಗೆ ನಮ್ಮ ಹೆ‌ಣ್ಣುಮಕ್ಕಳು ತಲಪಿದುದು ತಡವಾಗಿ. ಪ್ರೇಮಾ ಕಾರಂತರು ವೇಷಭೂಷಣದ ಹಾದಿಯಿಂದ ಬಂದರು. 1975ರ ‘ಹಂಸಗೀತೆ’ಗೆ ಉಡುಗೆಗಳನ್ನು ಸಿದ್ಧಪಡಿಸಿದವರು 1983ರಲ್ಲಿ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ತೆರೆಗೆ ತಂದರು. ಬಾಲವಿಧವೆಯೊಬ್ಬಳ ದೀರ್ಘವಾದ ಬಾಳಿನ ಕಥೆ. ಫಣಿಯಮ್ಮನ ಮೌನವನ್ನು ಮಾತಿನಿಂದ ತುಂಬಿಸುವ ಚಪಲವನ್ನು ಅವರು ತೋರಲಿಲ್ಲ. ಚಿತ್ರದ ಹಿರಿಮೆಯಲ್ಲಿ ಅರ್ಧ ಅದರದು. ತಾರೆಯಾಗಿ ಮೆರೆದ ಆರತಿಯವರು 2005ರಲ್ಲಿ ಮಕ್ಕಳಿಗಾಗಿ ‘ಮಿಠಾಯಿ ಮನೆ’ಯನ್ನು ನಿರ್ದೇಶಿಸಿದರು. ವಿಜಯಲಕ್ಷ್ಮಿ ಸಿಂಗ್ ಅವರು ನಟಿಯಾಗಿದ್ದು 2007ರ ‘ಈ ಬಂಧನ’ದಿಂದ ನಿರ್ದೇಶಕಿಯಾದರು. ಕವಿತಾ ಲಂಕೇಶ್, ಸುಮನಾ ಕಿತ್ತೂರು ಮೊದಲಾದವರದು ಬೇರೆ ದಾರಿ, ಬೇರೆ ಲೇಖನಕ್ಕೆ ತಕ್ಕ ವಿಷಯ. ಜಯಶ್ರೀಯವರು ಚಲಚ್ಚಿತ್ರವನ್ನು ನಿರ್ದೇಶಿಸಿದ್ದರೆ ಅದರ ಮಾತು ಹೇಗಿರುತ್ತಿತ್ತೆಂದು ನಾನು ಒಮ್ಮೊಮ್ಮೆ ಊಹಿಸಿಕೊಳ್ಳುವುದುಂಟು.

ಹೆಸರು ಏಕೆ ಬೇಕು, ಕೂಲಿ ಸಂದರೆ ಸಾಲದೆ ಎಂದು ಕೇಳುವವರಿದ್ದಾರೆ. ಅವರಿಗೆ ನೆರೆಯ ನಾಡಿನ ಒಂದು ಪ್ರಸಂಗವನ್ನು ಹೇಳುತ್ತೇನೆ. 1993ರಲ್ಲಿ ಮಲೆಯಾಳದಲ್ಲಿ ಬಂದ ‘ಮಣಿಚಿತ್ರತ್ತಾಳ್’ ಚಿತ್ರದ ಕಥೆಯನ್ನೇ ನಾವು 2004ರಲ್ಲಿ ‘ಆಪ್ತಮಿತ್ರ’ವಾಗಿ ಕಂಡೆವು. ಮೂಲಚಿತ್ರದ ನಾಯಕಿ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು, ಯೋಗ್ಯವಾಗಿಯೇ ಬಂದಿತು. ಅವರ ಕಂಠ ಭಾಗ್ಯಲಕ್ಷ್ಮಿ ಎಂಬ ಪ್ರಸಿದ್ಧ ಕಲಾವಿದೆಯದೆಂದು ಕೇರಳಕ್ಕೆಲ್ಲ ತಿಳಿದಿತ್ತು. ಆದರೆ ನಾಯಕಿಯ ಮೈಮೇಲೆ ಬರುವ ನಾಗವಲ್ಲಿ ತಮಿಳಿನಲ್ಲಿ ಅಬ್ಬರಿಸುತ್ತಾಳಲ್ಲ, ಚಿತ್ರದ ಪ್ರಾಣವೇ ಆಗಿರುವ ಆ ಮಾತುಗಳನ್ನು ಆಡಿದಾಕೆ ದುರ್ಗಾ ಎಂಬ ತಮಿಳು ಕಲಾವಿದೆಯೆಂದು ನಿರ್ದೇಶಕ ಫಾಸಿಲ್ ಅವರು ಬಹಿರಂಗಪಡಿಸಿದುದು 2016ರಲ್ಲಿ. ಇಪ್ಪತ್ತಮೂರು ವರ್ಷಗಳ ಕಾಲ ಒಬ್ಬ ಹೆಣ್ಣುಮಗಳು ತನ್ನದೇ ಗರ್ಜನೆಯನ್ನು ಜನ ಇನ್ನೊಬ್ಬರದೆಂದು ಹೊಗಳುವುದನ್ನು ಕೇಳುತ್ತ ಕುಳಿತಿರಬೇಕಾಯಿತು. ಕಂಠದಾನಕ್ಕೆ ರಾಜ್ಯಪ್ರಶಸ್ತಿಯನ್ನಿಟ್ಟು ಗೌರವಿಸುವ ಕೇರಳದಲ್ಲಿಯೇ ಈ ಗತಿ.

ಕೂಲಿಯ ವಾದಕ್ಕೆ ಇನ್ನೊಂದು ಉತ್ತರವನ್ನು ಕಾಲವೇ ಕೊಡುತ್ತಿದೆ. ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಒಬ್ಬರ ಕಂಠದ ಮಾದರಿಯನ್ನು ಅಷ್ಟಿಷ್ಟು ಕೇಳಿ, ಅವರು ಎಂದೂ ಆಡದ ಮಾತುಗಳನ್ನು ಅವರ ದನಿಯಲ್ಲಿಯೇ ಆಡುತ್ತವೆ. 2023ರಲ್ಲಿ ಅಮೆರಿಕದ ನಟರ ಸಂಘ ತಿಂಗಳುಗಟ್ಟಲೆ ಮುಷ್ಕರ ಹೂಡಿದುದಕ್ಕೆ ಇದೂ ಒಂದು ಕಾರಣ. 2024ರಲ್ಲಿ ಗಾಯಕ ಅರಿಜಿತ್ ಸಿಂಗ್ ಅವರು ತಮ್ಮ ಕಂಠವನ್ನು ಹೀಗೆ ನಕಲು ಮಾಡುವವರ ವಿರುದ್ಧ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋದಾಗ ನ್ಯಾಯಾಲಯ ಅವರಿಗೆ ರಕ್ಷಣೆಯನ್ನಿತ್ತಿತು. ಸಂತೋಷದ ವಿಷಯವೇ. ಆದರೆ ಆ ರಕ್ಷಣೆ ದೊರೆತುದು ಆ ಕಂಠ ಅವರದೆಂದು ಲೋಕಕ್ಕೆ ಗೊತ್ತಿದ್ದುದರಿಂದ. ನೂರು ಚಿತ್ರಗಳಲ್ಲಿ ಬೇರೆಯವರ ಮುಖದಿಂದ ಮಾತಾಡಿದ ಹೆಣ್ಣುಮಗಳು ನ್ಯಾಯಾಲಯದ ಮೆಟ್ಟಿಲೇರಿ ‘ಇದು ನನ್ನ ದನಿ’ ಎಂದರೆ, ಸಾಕ್ಷಿಗೆ ಏನನ್ನು ತೋರಿಸಬೇಕು? ಚಿತ್ರದ ಹೆಸರುಪಟ್ಟಿಯಲ್ಲಿ ಅವಳಿಲ್ಲ. ಬಹುಶಃ ಹಳೆಯದೊಂದು ರಸೀದಿಯಿದ್ದೀತು. ನಮ್ಮ ಶಾಸನಗಳು ಹೆಸರನ್ನು ಕಲ್ಲಿನಲ್ಲಿ ಬರೆದುದು ಕೇವಲ ಕೀರ್ತಿಗಾಗಿ ಅಲ್ಲ, ಮುಂದೆ ತಂಟೆ ಬಂದಾಗ ಹಕ್ಕನ್ನು ಸಾಧಿಸುವುದಕ್ಕಾಗಿ ಎಂಬುದನ್ನು ಶಾಸನಗಳ ವಿದ್ಯಾರ್ಥಿಗಳಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

2020ರ ಮೇ ತಿಂಗಳಲ್ಲಿ, ಊರೆಲ್ಲ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ, ಹಿಂದಿಯ ‘ಮಹಾಭಾರತ’ ಕನ್ನಡದ ಮಾತು ಪಡೆದು ದೂರದರ್ಶನದ ಪೆಟ್ಟಿಗೆಯಲ್ಲಿ ಬಂದಿತು. ನಮ್ಮ ಓಣಿಯಲ್ಲಿ ಅದು ಕೇಳದ ಮನೆಯಿರಲಿಲ್ಲ. ಶಕುನಿಯ ಮಾತನ್ನು ಮಕ್ಕಳು ಅಣಕಿಸಿ ಆಡಿದರು. ದ್ರೌಪದಿಯ ಸಭಾಪ್ರಶ್ನೆಗೆ ಮುದುಕಿಯರು ಕಣ್ಣೊರಸಿಕೊಂಡರು. ಡಬ್ಬಿಂಗ್ ಬೇಕೆಂದವರೂ ಬೇಡವೆಂದವರೂ ಅದನ್ನು ನೋಡಿದರೆಂದೇ ನನ್ನ ಗುಮಾನಿ. ಆ ದ್ರೌಪದಿ ಕನ್ನಡದಲ್ಲಿ ಯಾರು? ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆಗಬೇಕಾದುದು ಬೆಟ್ಟದಂಥ ಕೆಲಸವೇನಲ್ಲ. ಹಾಡಿನ ಎದುರು ಹಾಡಿದವರ ಹೆಸರು ಬರೆಯುವಂತೆ, ಪಾತ್ರದ ಎದುರು ಮುಖ ಯಾರದು, ಕಂಠ ಯಾರದು ಎಂದು ಎರಡು ಹೆಸರು ಬರೆದರಾಯಿತು. ‘ಕಂಠದಾನ’ ಎಂಬ ತಲೆಬರಹದಡಿಯಲ್ಲಿ ಎಂಟು ಹತ್ತು ಹೆಸರುಗಳನ್ನು ಗುಂಪಾಗಿ ಸುರಿದು ಕಣ್ಣುಮಿಟುಕಿಸುವುದರೊಳಗೆ ಓಡಿಸಿಬಿಡುವ ಈಗಿನ ಪದ್ಧತಿ ಹೆಸರಿಸಿದಂತೆಯೂ ಅಲ್ಲ, ಹೆಸರಿಸದಂತೆಯೂ ಅಲ್ಲ. ಹಳೆಯ ಚಿತ್ರಗಳ ವಿಷಯ ಹೆಚ್ಚು ತುರ್ತಿನದು. 1970, 80ರ ದಶಕಗಳಲ್ಲಿ ಆ ಕತ್ತಲ ಕೋಣೆಗಳಲ್ಲಿ ನಿಂತವರು ಈಗ ವೃದ್ಧರು. ಅವರನ್ನು ಕಂಡು ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳದು. ಜನಪದ ಗೀತೆಗಳನ್ನು ಸಂಗ್ರಹಿಸಲು ಹಳ್ಳಿ ಹಳ್ಳಿ ತಿರುಗಿದ ವಿಭಾಗಗಳಿಗೆ ಇದು ಹೊಸ ವಿದ್ಯೆಯಲ್ಲ. ಒಂದು ಹಳೆಯ ಚಿತ್ರದ ಸಂಭಾಷಣೆಯನ್ನು ಪಾಠದಂತೆ ಓದಿಸಿ, ಅದನ್ನು ಆಡಿದ ಕಂಠವನ್ನು ಕೇಳಿಸಿ, ಯಾವ ಸೀಮೆಯ ಕನ್ನಡ, ಎಲ್ಲಿ ಉಸಿರು, ಎಲ್ಲಿ ಒತ್ತು ಎಂದು ವಿವೇಚಿಸುವ ತರಗತಿ ನಮ್ಮಲ್ಲಿ ಏಕೆ ಇರಬಾರದು?

ನನ್ನ ಮಟ್ಟಿಗೆ ಈ ವರ್ಷ ಒಂದು ಸಣ್ಣ ಆರಂಭವನ್ನು ಮಾಡಿದ್ದೇನೆ. ಪದವಿ ತರಗತಿಯ ವಿದ್ಯಾರ್ಥಿನಿಯರಿಗೆ ತಮ್ಮ ತಾಯಂದಿರು ಮೆಚ್ಚಿದ ಕನ್ನಡ ಚಿತ್ರಗಳ ಪಟ್ಟಿಯೊಂದನ್ನು ಮಾಡಿ, ಮೂರು ಅಂಕಣಗಳನ್ನು ತುಂಬಿ ತರಲು ಹೇಳಿದೆ: ಚಿತ್ರದ ಹೆಸರು, ನಾಯಕಿಯಾಗಿ ಕಂಡವರು, ನಾಯಕಿಯಾಗಿ ಮಾತಾಡಿದವರು. ಮೊದಲೆರಡು ಅಂಕಣಗಳು ಒಂದೇ ಸಂಜೆಯಲ್ಲಿ ತುಂಬಿದವು; ತಾಯಂದಿರೇ ಒಲೆಯ ಮುಂದೆ ಕುಳಿತು ಹೇಳಿದರಂತೆ. ಮೂರನೆಯದರಲ್ಲಿ ಕೆಲವು ಕಡೆ ನಟಿಯ ಹೆಸರನ್ನೇ ಮತ್ತೆ ಬರೆದು, ಅನುಮಾನ ಬಂದು, ಹೊಡೆದುಹಾಕಿದ್ದಾರೆ, ಒಂದೆರಡು ಕಡೆ ಜಯಶ್ರೀಯವರ ಹೆಸರನ್ನು ಪ್ರಶ್ನಾರ್ಥಕ ಚಿಹ್ನೆಯೊಡನೆ ಬರೆದಿದ್ದಾರೆ, ಮಿಕ್ಕವು ಖಾಲಿ. ಆ ಹಾಳೆಗಳು ನನ್ನ ಮೇಜಿನ ಮೇಲಿವೆ. ವಾಚಕರಲ್ಲಿ ಬಲ್ಲವರು ಯಾರಾದರೂ ಇದ್ದರೆ, ಯಾವ ಚಿತ್ರದಲ್ಲಿ ಯಾರಿಗೆ ಯಾರ ಕಂಠವೆಂಬುದನ್ನು ಈ ಪುರವಣಿಗೆ ಬರೆದು ತಿಳಿಸಬೇಕೆಂದು ಕೋರುತ್ತೇನೆ.